ನಾಲ್ಕು ಮಾತಿನ ಜೊತೆಗಾರ

ಸಿಂಚನ ಬೆಂದ ರಾಗಿಹಿಟ್ಟಿನ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ ಅದು ಅಲುಗದಂತೆ ಕವೆಗೋಲು ಆನಿಸಿದಳು. ಕೋಲಿನ ತುದಿಗಳನ್ನು ಎರಡೂ ಪಾದಗಳಿಂದ ಅದುಮಿಕೊಂಡು, ಎರಡೂ ಕೈಗಳಿಂದ ಮುದ್ದೆ ತಿರುವತೊಡಗಿದಳು. ಅಷ್ಟರಲ್ಲಿ ಗೋಡೆಯ ಫೋನು ತಾನಾಗಿ ಬಾಯಿ ತೆರೆಯಿತು.

“ಮೇಡಂ, ಮತ್ತ ಸತ್ತೆ ನೋಡ್ರಿ. ಇದು ನಾಕನೇ ಸಲ.”

ಹೀಗೆ ಸತ್ತವರು ಬೀದರ್ ಕಡೆಯ ವಿಂಗ್ ಕಮಾಂಡರ್ ಜಾಧವ್. ಚಳ್ಳಕೆರೆಯ ಬಯಲಿನಲ್ಲಿ ಒಂದು ಪರೀಕ್ಷಾ ಕೇಂದ್ರವಿತ್ತು. ಅಲ್ಲಿನ ಸಿಮ್ಯುಲೇಟರಿನಲ್ಲಿ, ಅಂದರೆ ನೆಲ ಬಿಡದೆಯೇ ಹಾರಾಟದ ಅನುಭವ ಕೊಡುವ ಯಂತ್ರದಲ್ಲಿ, ಅವರು ಮುಂಜಾನೆಯಿಂದ ಯುದ್ಧ ಹೆಲಿಕಾಪ್ಟರ್ ನಡೆಸುತ್ತಿದ್ದರು. ಪಕ್ಕದ ಸೀಟಿನಲ್ಲಿ ಮನುಷ್ಯರಿರಲಿಲ್ಲ. ಅಲ್ಲಿದ್ದದ್ದು ಸಿಂಚನ ಆರು ವರ್ಷ ದುಡಿದು ರೂಪಿಸಿದ ‘ಜೊತೆಗಾರ’. ಪೈಲಟ್ ಆಡಿದ ಆಜ್ಞೆಯಂತೆ ಗುರಿ ಹುಡುಕುವ, ಆಯುಧ ಸಿದ್ಧಮಾಡುವ, ಬೇಕಾದರೆ ಹೆಲಿಕಾಪ್ಟರನ್ನೇ ನಡೆಸುವ ಕೃತಕ ಬುದ್ಧಿ.

“ಈ ಸಲ ಏನಾಯ್ತು ಸರ್?”

“‘ಎಡಕ್ಕೆ ಮೂವತ್ತು ಡಿಗ್ರಿ, ಎರಡು ಕಿಲೋಮೀಟರ್, ಗುಡ್ಡದ ಹಿಂದಿನ ಗುರಿ ಗುರುತಿಸು’ ಅನ್ನೂದ್ರಾಗ ಆ ಗುಡ್ಡಾನೇ ಬಂದು ಬಡೀತ್ರಿ. ಇಷ್ಟುದ್ದ ಮಾತು ನಾ ನಮ್ಮ ಮನಿಯಾಕಿ ಜೋಡಿನೂ ಆಡಂಗಿಲ್ಲ.”

ಸಿಂಚನ ನಕ್ಕಳು, ಆದರೆ ಎದೆ ಹಗುರಾಗಲಿಲ್ಲ. ಬರುವ ತಿಂಗಳು ಹನ್ನೊಂದು ಮಂದಿ ಎಳೆಯ ಪೈಲಟ್‌ಗಳು ಹಿಮದ ಗಡಿಗೆ ಹೊರಡಲಿದ್ದರು. ಎಲ್ಲರೂ ಜಾಧವರ ಕೈಯಲ್ಲಿ ಕಲಿತವರು. ಜೊತೆಗಾರ ಸಿದ್ಧವಾಗದಿದ್ದರೆ ಆ ಕಣಿವೆಗಳಲ್ಲಿ ಅವರು ಒಬ್ಬೊಬ್ಬರೇ ಹಾರಬೇಕು. ಹೆಲಿಕಾಪ್ಟರ್ ನಡೆಸುವವರ ಕೈಕಾಲುಗಳಿಗೆ ಕ್ಷಣವೂ ಬಿಡುವಿಲ್ಲ. ಬಿಡುವಾಗಿರುವುದು ಬಾಯಿ ಮಾತ್ರ. ಆ ಬಾಯಿಗೆ ಅವಳು ಅರವತ್ತನಾಲ್ಕು ಆಜ್ಞೆಗಳನ್ನು ತುಂಬಿದ್ದಳು.

“ಹಿಟ್ಟು,” ಎಂದಳು ಮಗಳಿಗೆ, ತಲೆಯೆತ್ತದೆ.

ಒಂಬತ್ತು ವರ್ಷದ ಇಬ್ಬನಿ ಒಣ ಹಿಟ್ಟು ಉದುರಿಸಿದಳು. ಅಮ್ಮನ ತೋಳು ಬಿಗಿಯುತ್ತಿದ್ದಂತೆ ತಾನೇ ನಿಲ್ಲಿಸಿದಳು.

“ಎಷ್ಟು ಹಾಕ್ಬೇಕು ಅಂತ ನಿಂಗೆ ಹೆಂಗೆ ಗೊತ್ತಾಯ್ತೇ?”

“ನಿನ್ನ ಭುಜ ನೋಡ್ತಿದ್ನಲ್ಲಮ್ಮ. ಬೇಗ ತಿರುವು, ಗಂಟಾಗ್ತೈತೆ!”

ಸಿಂಚನಳ ಕೈ ನಿಂತೇಬಿಟ್ಟಿತು. ಕೈಕಾಲು ಕಟ್ಟಿಹೋದವಳು ತಾನು. ಮಗಳಿಗೆ ಹೇಳಿದ್ದು ಒಂದೇ ಮಾತು. ಮಿಕ್ಕಿದ್ದನ್ನೆಲ್ಲ ಆ ಮಗು ನೋಡಿಯೇ ತಿಳಿದುಕೊಂಡಿತ್ತು. ಜೊತೆಗಾರನಿಗೆ ತಾನು ಕೇಳುವುದನ್ನು ಕಲಿಸಿದ್ದಳೇ ಹೊರತು ನೋಡುವುದನ್ನು ಕಲಿಸಿರಲಿಲ್ಲ.

ಅವತ್ತಿನ ಮುದ್ದೆಯಲ್ಲಿ ಗಂಟುಗಳೇ ಹೆಚ್ಚಿದ್ದವು. ತಾಯಿ ಮಗಳು ಸಾರಿನಲ್ಲಿ ಮುಳುಗಿಸಿ ಹೇಗೋ ನುಂಗಿದರು.

ಮುಂದಿನ ಮೂರು ವಾರ ಸಿಂಚನ ಆಜ್ಞೆಗಳನ್ನು ಅಳಿಸುತ್ತ ಹೋದಳು. ಹಿಡಿಕೆಗಳಲ್ಲಿ ಬೆರಳಿನ ಒತ್ತಡ ಅಳೆಯುವ ಸಂವೇದಕಗಳನ್ನಿಟ್ಟಳು. ಕಣ್ಣು ಎತ್ತ ಹೊರಳಿತೆಂದು ಗಮನಿಸುವ ಪುಟ್ಟ ಕ್ಯಾಮೆರಾ ಹೆಲ್ಮೆಟ್ಟಿಗೆ ಸೇರಿತು. ಉಸಿರಿನ ಏರಿಳಿತವೂ ಜೊತೆಗಾರನಿಗೆ ತಿಳಿಯುವಂತಾಯಿತು. ಕೊನೆಗೆ ಉಳಿದದ್ದು ನಾಲ್ಕೇ ಮಾತು: ನೋಡು, ತಗೋ, ಹೊಡಿ, ತಡಿ. ಯಾವುದನ್ನು ನೋಡಬೇಕು, ಏನನ್ನು ತೆಗೆದುಕೊಳ್ಳಬೇಕು ಎಂಬುದನ್ನು ಪೈಲಟಿನ ಮೈಯೇ ಹೇಳುತ್ತಿತ್ತು. ಹೆದರಿಕೆಯಲ್ಲಿ ಬಾಯಿಗೆ ಬರುವುದು ತಾಯಿಯಿಂದ ಕಲಿತ ಮಾತಾದ್ದರಿಂದ, ಆ ನಾಲ್ಕನ್ನೂ ಪ್ರತಿಯೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಹೇಳಬಹುದಿತ್ತು.

“ನಾಕೇ ಮಾತೇನ್ರಿ?” ಎಂದರು ಜಾಧವ್. “ತಾಸುಗಟ್ಟಲೆ ಮಾತಾಡೂ ನಮ್ಮ ಮಾವನಿಗೂ ಇದನ್ನ ಹಚ್ಚಿಬಿಡ್ರಿ ಮೇಡಂ, ಪುಣ್ಯ ಬರ್ತೈತಿ.”

ಕೊನೆಯ ಪರೀಕ್ಷೆ ಭಾನುವಾರ ನಡೆಯಿತು. ಮನೆಯವರನ್ನೂ ಕರೆತರಬಹುದೆಂದಿದ್ದರಿಂದ ಇಬ್ಬನಿಯೂ ಬಂದಳು. ದೊಡ್ಡ ಪರದೆಯ ಮೇಲೆ ಹೊಗೆ ಮುಚ್ಚಿದ ಕಣಿವೆ. ಜಾಧವರ ಕಣ್ಣು ಎಡಕ್ಕೆ ಹೊರಳಿ “ನೋಡು” ಎನ್ನುವಷ್ಟರಲ್ಲಿ, ಬಂಡೆಯ ಮರೆಯಲ್ಲಿದ್ದ ಎರಡು ಫಿರಂಗಿಗಳನ್ನು ಜೊತೆಗಾರ ಗುರುತಿಸಿತ್ತು. “ಹೊಡಿ.” ಎರಡೂ ಉರಿದವು. ಆಗ ಪರೀಕ್ಷಕರು ಜಾಧವರ ಬಲಗೈಗೆ ಗುಂಡು ತಗುಲಿದೆಯೆಂದು ಘೋಷಿಸಿದರು. ಜಾಧವ್ ಕೈ ಇಳಿಬಿಟ್ಟು “ತಗೋ” ಎಂದರು. ಹೆಲಿಕಾಪ್ಟರ್ ಒಂದಿಷ್ಟೂ ತೂಗಾಡಲಿಲ್ಲ. ಮಲಗಿದ ಮಗುವನ್ನು ಒಂದು ಮಡಿಲಿನಿಂದ ಇನ್ನೊಂದು ಮಡಿಲಿಗೆ ದಾಟಿಸಿದಷ್ಟು ಮೆತ್ತಗೆ ಜೊತೆಗಾರ ಅದನ್ನು ಎತ್ತಿಕೊಂಡು ಮರಳಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುದ್ದಿ ಹೇಗೋ ಮೊದಲೇ ಹಬ್ಬಿ, ಆಂಬುಲೆನ್ಸ್ ಓಡಿಸುವವರು, ಬಂದರಿನ ಕ್ರೇನ್ ನಡೆಸುವವರು ತಮಗೂ ಇಂಥದೊಂದು ಬೇಕೆಂದು ಕೇಂದ್ರಕ್ಕೆ ಬರೆಯತೊಡಗಿದ್ದರು. ಹೊರಬಂದ ಜಾಧವರ ಕಣ್ಣು ಒದ್ದೆಯಾಗಿತ್ತು.

“ನನ್ನ ಹನ್ನೊಂದೂ ಮಕ್ಕಳು ಮನೀಗಿ ಬರ್ತಾವ್ರಿ ಮೇಡಂ,” ಎಂದರು.

ಆರು ವರ್ಷಗಳಲ್ಲಿ ಮೊದಲ ಸಲ ಸಿಂಚನಳಿಗೆ ಚೆನ್ನಾಗಿ ಹಸಿವಾಯಿತು.

ಇಬ್ಬನಿ ಮಾತ್ರ ಚಪ್ಪಾಳೆ ತಟ್ಟಿರಲಿಲ್ಲ. ಪರದೆಯಲ್ಲಿ ಅದೇ ಹಾರಾಟ ಮತ್ತೊಮ್ಮೆ ನಿಧಾನವಾಗಿ ಓಡುತ್ತಿತ್ತು. ಅವಳು ಅದರ ಹತ್ತಿರ ಹೋಗಿ ನಿಂತಿದ್ದಳು. ಉರಿಯುವ ಫಿರಂಗಿಯಿಂದ ಸ್ವಲ್ಪ ದೂರದಲ್ಲಿ ಒಂದು ಕುರಿಹಟ್ಟಿ. ಅದರ ಮುಂದೆ ಯಾರೋ ಒಬ್ಬರು ಎರಡೂ ಕೈ ಮೇಲೆತ್ತಿ, ಬಾಯಿ ತೆರೆದು ನಿಂತಿದ್ದರು.

“ಏನವ್ವಾ, ನೀನೂ ಪೈಲಟ್ ಆಗ್ತೀ ಏನು?” ಜಾಧವ್ ಬಾಗಿ ಕೇಳಿದರು.

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಅದನ್ನ ನೋಡಿ ಅಂಜಿದೇನು? ಅದು ಚಿತ್ರ ಅವ್ವಾ. ಖರೇ ಮಂದಿ ಅಲ್ಲ.”

“ಗೊತ್ತು ಅಂಕಲ್,” ಎಂದವಳು ಮತ್ತೇನೋ ಹೇಳಹೋಗಿ ತುಟಿ ಕಚ್ಚಿಕೊಂಡಳು. ಸುತ್ತಲೂ ಎಲ್ಲರೂ ನಗುತ್ತ ಸಿಹಿ ಹಂಚುತ್ತಿದ್ದರು.

ಸಿಂಚನ ಬಂದು ಮಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವಸರ ಮಾಡಲಿಲ್ಲ. ಕೆನ್ನೆಯ ಮೇಲಿನ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, “ಹೇಳು ಪುಟ್ಟಿ. ಏನದು?” ಎಂದಳು.

“ಜೊತೆಗಾರನಿಗೆ ಅಂಕಲ್ ಮಾತು ಕೇಳ್ಸುತ್ತೆ. ಅವರ ಕೈ, ಕಣ್ಣು, ಉಸಿರು ಎಲ್ಲಾ ಗೊತ್ತಾಗುತ್ತೆ, ಅಲ್ವಾಮ್ಮ?”

“ಹೂಂ.”

ಇಬ್ಬನಿ ಪರದೆಯ ಮೇಲೆ ಬೆರಳಿಟ್ಟಳು. “ಮತ್ತೆ ಇವ್ರು ಕೆಳಗಡೆ ನಿಂತ್ಕೊಂಡು ಏನೋ ಕೂಗ್ತಾವ್ರಲ್ಲ, ಅದು ಯಾರಿಗೆ ಕೇಳ್ಸುತ್ತೆ?”