ಮುನ್ನೂರೈವತ್ತು ಪೌಂಡ್

ಸ್ಟೀರಿಂಗ್ ಹಗುರವಾಗಿತ್ತು, ಹೂವಿನಷ್ಟು ಹಗುರ. ಲೊರೆಟಾಗೆ ಮೊದಲ ಭಯ ಹುಟ್ಟಿದ್ದೇ ಅದರಿಂದ.

ವಿಲ್ಸನ್ ಊರು ದಾಟಿ ಟೀಟಾನ್ ಪಾಸ್ ಎಂಬ ಬೆಟ್ಟದಾರಿಯ ಏರು ಶುರುವಾದಾಗಿನಿಂದ ಹೀಗೇ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಎಸ್‌ಯುವಿ ಒಂದು ಗಳಿಗೆ ಯೋಚಿಸಿ ಆಮೇಲೆ ತಿರುಗುತ್ತಿತ್ತು. ಅದರ ಮೂತಿ ಆಕಾಶ ನೋಡುತ್ತಿತ್ತು. ಹಿಂದೆ, ಬಂಪರಿನಾಚೆ ಚಾಚಿಕೊಂಡಿದ್ದ ಕಬ್ಬಿಣದ ಕ್ಯಾರಿಯರ್ ಮೇಲೆ ಒಂಬತ್ತು ಪೆಟ್ಟಿಗೆ ಜೇಡಿಮಣ್ಣು. ಕಾರಿನೊಳಗೆ ಮಡಕೆ ಮಾಡುವ ತಿಗರಿ, ಆವಿಗೆಯ ಹಲಗೆಗಳು, ಹಳೇ ರಜಾಯಿಯಲ್ಲಿ ಸುತ್ತಿದ ಹೂಜಿಗಳು. ಗುಡ್ಡದಾಚೆಯ ವಿಕ್ಟರ್ ಊರಿನಲ್ಲಿ ಅವಳದೇ ಆದ ಪುಟ್ಟ ಸ್ಟುಡಿಯೊ ಕಾಯುತ್ತಿತ್ತು.

ಕನ್ನಡಿಯಲ್ಲಿ ಹಸಿರು ಪಿಕಪ್ ಟ್ರಕ್ಕೊಂದು ಕಾಣಿಸಿತು. ಅದರ ದೀಪ ಮಿನುಗಿತು. ಮತ್ತೆ ಮಿನುಗಿತು.

ಆಮೋಸ್.

ಈಗ ಬಂದೆಯಾ, ಎಂದುಕೊಂಡಳು. ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. ಮೂರು ವರ್ಷ ಅವನ ಶೆಡ್ಡಿನ ಪಕ್ಕದಲ್ಲೇ ಅವಳು ಮಡಕೆ ಮಾಡಿದ್ದಳು. ಗಾಡಿಗಳ ಹಿಂದೆ ಹಿಚ್, ಅಂದರೆ ಹೊರೆ ಸಿಕ್ಕಿಸುವ ಕಬ್ಬಿಣದ ಕೊಂಡಿ, ಕೂರಿಸುವುದು ಅವನ ಕೆಲಸ. ದಿನವೂ ಬೆಳಿಗ್ಗೆ ಅವಳು ಮಾಡಿದ ಕಪ್ಪಿನಲ್ಲೇ ಕಾಫಿ ಕುಡಿಯುತ್ತಿದ್ದ, ಅಂಚಿನ ಮೇಲಿಂದ ಅವಳನ್ನು ನೋಡುತ್ತಿದ್ದ, ಅವಳು ನೋಡಿದರೆ ಕಪ್ಪಿನೊಳಗೆ ನೋಡುತ್ತಿದ್ದ. ಅಂಥವನು, ಅವಳು ಊರು ಬಿಡುತ್ತೇನೆಂದ ದಿನ, ಅವಳ ಕಾರಿಗೂ ಹಿಚ್ ಕೂರಿಸಿ, ಕೈ ಒರೆಸಿಕೊಂಡು, ಬಹಳ ಹೊತ್ತು ನಿಂತು ಹೇಳಿದ್ದು ಇಷ್ಟೇ: "ಮುನ್ನೂರೈವತ್ತು. ಮರೀಬೇಡ."

ಹೋಗಬೇಡ ಎಂಬ ಮಾತಿಗೆ ಕಾದವಳಿಗೆ ಸಿಕ್ಕಿದ್ದು ಒಂದು ಅಂಕಿ. ಅವತ್ತೇ ಮರೆತುಬಿಟ್ಟಳು.

ಸೀಟಿನ ಮೇಲೆ ಫೋನ್ ಗುನುಗಿತು. ಅದನ್ನು ಬೋರಲು ಹಾಕಿದಳು. ಪಾಸ್‌ನ ತುದಿಯಲ್ಲಿ ಗಾಡಿ ನಿಲ್ಲಿಸಲು ವಿಶಾಲವಾದ ಜಾಗವಿತ್ತು. ಆಮೋಸ್ ಹಾರ್ನ್ ಬಾರಿಸಿದ. ಅವಳು ನಿಲ್ಲಿಸಲಿಲ್ಲ.

ಇಳಿಜಾರು ಶುರುವಾಯಿತು.

ಮೊದಲ ಉಬ್ಬಿನಲ್ಲೇ ಹಿಂದಿನಿಂದ ಕರ್ ಎಂದು ಕಬ್ಬಿಣ ರಸ್ತೆಗೆ ತಾಗಿತು. ಲೊರೆಟಾಗೆ ಚಿಕ್ಕಂದಿನದೊಂದು ನೆನಪಾಯಿತು. ಅಜ್ಜಿಯ ಕಥೆಯೊಂದರಲ್ಲಿ ಒಬ್ಬ ಮುದುಕ ದಾರಿಹೋಕರ ಬೆನ್ನೇರುತ್ತಿದ್ದ. ಹತ್ತುವಾಗ ಗರಿಯಂತಿದ್ದು, ಇಳಿಯುವಾಗ ಹೆಜ್ಜೆಗೊಂದು ಬಂಡೆಯಷ್ಟು ಭಾರವಾಗುತ್ತಿದ್ದ. ಅವನ ಕಾಲು ನೆಲ ಸವರಿದ ಸದ್ದು ಕೇಳಿದರೆ ಮುಗಿಯಿತು, ಎನ್ನುತ್ತಿದ್ದಳು ಅಜ್ಜಿ.

ಮತ್ತೆ ಕರ್ ಎಂದಿತು.

ಎಡಕ್ಕೆ ತಿರುವು. ಬಲಬದಿಯಲ್ಲಿ ಬೇಲಿಯಿಲ್ಲ, ಫರ್ ಮರಗಳ ತಲೆಗಳಷ್ಟೇ. ಸ್ಟೀರಿಂಗ್ ತಿರುಗಿಸಿದಳು. ಕಾರು ನೆಟ್ಟಗೆ ಹೋಯಿತು. ಇನ್ನಷ್ಟು ತಿರುಗಿಸಿದಳು. ಮುಂದಿನ ಚಕ್ರಗಳು ರಸ್ತೆಯನ್ನು ಬರೀ ಮುಟ್ಟುತ್ತಿದ್ದವು, ಹಿಡಿಯುತ್ತಿರಲಿಲ್ಲ. ಮರಗಳ ತಲೆಗಳು ಹತ್ತಿರ ಬಂದವು. ಆಮೋಸ್, ಎಂದಳು; ಗಟ್ಟಿಯಾಗಿ ಎಂದಳೋ ಮನಸ್ಸಿನಲ್ಲೋ ತಿಳಿಯಲಿಲ್ಲ. ಕೊನೆಗೆ ಚಕ್ರ ಕಚ್ಚಿತು, ಕಾರು ಬಾಲ ಬೀಸುತ್ತ ತಿರುಗಿತು. ಎದುರಿಗೇ ರಸ್ತೆಬದಿಯ ಜಲ್ಲಿ ಹರವು ಕಂಡಿತು. ಗೇರ್ ಇಳಿಸಿ, ಉಸಿರು ಬಿಗಿಹಿಡಿದು ಅಲ್ಲಿಗೆ ತಂದು ನಿಲ್ಲಿಸಿದಳು.

ಕೈ ಸ್ಟೀರಿಂಗ್ ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು.

ಆಮೋಸ್ ಓಡಿಬಂದ. ಅವಳ ಮುಖವನ್ನೊಮ್ಮೆ ನೋಡಿ, ಜಲ್ಲಿಯ ಮೇಲೆ ಅಂಗಾತ ಮಲಗಿ ಕಾರಿನಡಿಗೆ ತೂರಿದ. ಅವಳು ಇಳಿದು ಹಿಂದೆ ಬಂದಾಗ ಅವನ ಬೂಟುಗಳಷ್ಟೇ ಹೊರಗೆ.

"ಎಷ್ಟು ಹೇರಿದೀಯ?" ಬೂಟುಗಳು ಕೇಳಿದಂತಿತ್ತು.

"ನಾನೂರೈವತ್ತು ಪೌಂಡ್. ಕ್ಯಾರಿಯರ್ ಮೇಲೆ ಐನೂರು ಅಂತ ಬರೆದಿದೆ. ಇನ್ನೂ ಐವತ್ತು ಉಳಿದಿದೆ ಕಣೋ."

"ಕ್ಯಾರಿಯರ್‌ಗೇ ಅರವತ್ತು ತೂಕ ಇದೆ. ಅದನ್ನ ಯಾರು ಹೊರ್ತಾರೆ?"

ಅವಳು ಬೆರಳು ಮಡಚಿ ಕೂಡಿಸಿದಳು. ಐನೂರ ಹತ್ತು.

"ಐನೂರು ತಡೆಯೋದು ಕ್ಯಾರಿಯರ್. ಅದನ್ನ ಹಿಡ್ಕೊಂಡಿರೋ ಹಿಚ್ ತಡೆಯೋದು ಮುನ್ನೂರೈವತ್ತು. ಎರಡರಲ್ಲಿ ಯಾವುದು ಕಮ್ಮಿನೋ ಅದರ ಮಾತು ಕೇಳ್ಬೇಕು." ಹೊರಗೆ ಬಂದು ಎದ್ದು ಕೂತ. ಕೂದಲ ತುಂಬ ಜಲ್ಲಿಪುಡಿ. "ಒಂದು ಕಪ್ಪಿಗೆ ಮಣ್ಣು ತೂಗಿ ಹಾಕೋಳು ನೀನು. ಚಮಚದಷ್ಟು ಹೆಚ್ಚಾದ್ರೆ ಕಿತ್ತು ತೆಗೀತೀಯ. ಇದನ್ನ ಹೆಂಗೆ ಬಿಟ್ಟೆ ತಾಯಿ?"

"ನೀನು ಅವತ್ತು ಬೇರೆ ಏನಾದ್ರೂ ಹೇಳಿದ್ರೆ ಇದೂ ನೆನಪಿರ್ತಿತ್ತು."

ಅವನು ಕಣ್ಣು ತಗ್ಗಿಸಿದ. ಈ ಸಲ ನೋಡಲು ಕೈಯಲ್ಲಿ ಕಪ್ಪಿರಲಿಲ್ಲ.

ಅಷ್ಟರಲ್ಲಿ ಒಂದು ದೊಡ್ಡ ಮೋಟರ್‌ಹೋಮ್ ಪಕ್ಕದಲ್ಲಿ ನಿಧಾನಿಸಿತು. ಒಳಗಿದ್ದ ಹೆಂಗಸು ಕಿಟಕಿ ಇಳಿಸಿ, "ಏನಪ್ಪಾ, ಗುಡ್ಡದ ಬುಡದಿಂದ ಹಾರ್ನ್ ಹೊಡೀತಿದೀನಿ, ನಡುವೆ ಬರೋಕೆ ಜಾಗಾನೇ ಕೊಡಲಿಲ್ವಲ್ಲ. ರಸ್ತೆ ನಿಮ್ಮಪ್ಪಂದಾ?" ಎಂದು ಬೈದು ಹೋದಳು.

ಲೊರೆಟಾ ಟ್ರಕ್ಕಿನ ಕಡೆ ನೋಡಿದಳು. ಎಚ್ಚರಿಕೆಯ ದೀಪಗಳು ಇನ್ನೂ ಮಿಟುಕುತ್ತಿದ್ದವು. ಆಮೇಲೆ ಕೆಳಗೆ ಜೋತುಬಿದ್ದಿದ್ದ ಕ್ಯಾರಿಯರ್ ನೋಡಿದಳು. ಅದು ಕಳಚಿ ಬಿದ್ದಿದ್ದರೆ ಯಾರ ಮೇಲೆ ಬೀಳುತ್ತಿತ್ತು ಎಂಬುದು ಆಗ ಹೊಳೆಯಿತು. ಇದುವರೆಗಿನ ಭಯವೆಲ್ಲ ಏನೂ ಅಲ್ಲ ಎನಿಸಿತು.

"ಬೇಕಂತಲೇ ಹಿಂದೆ ಇದ್ಯಾ?"

"ಯಾರಾದ್ರೂ ಒಬ್ರು ಇರ್ಬೇಕಿತ್ತಲ್ಲ."

"ಹುಚ್ಚ ನೀನು."

"ಹೂಂ." ಅಂಗೈಯ ಜಲ್ಲಿ ಕೊಡವಿಕೊಂಡ. "ಅವತ್ತು ಹೋಗ್ಬೇಡ ಅಂದಿದ್ರೆ ನೀನು ನಿಂತುಬಿಡ್ತಿದ್ದೆ, ಲೊರೆಟಾ. ಸ್ಟುಡಿಯೊ ನಿನ್ನ ಆಸೆ. ನನ್ನ ಆಸೆ ಅದರ ಮೇಲೆ ಹೇರೋಕೆ ಭಯ ಆಯ್ತು. ನೀನು ಕ್ಷೇಮವಾಗಿ ತಲುಪಿದ್ರೆ ಸಾಕು ಅಂತ ಆ ಅಂಕಿ ಹೇಳಿದೆ."

"ಅಂದ್ರೆ ಮುನ್ನೂರೈವತ್ತು ಅಂದ್ರೆ..."

"ಅದೇ ಅರ್ಥ."

ಅವಳಿಗೆ ನಗು ಬಂತು, ಜೊತೆಗೆ ಅಳುವೂ ಬಂತು. ಅವನು ಅವಳ ಕೆನ್ನೆಗೆ ಕೈಹಚ್ಚಿದ, ಒರಟು ಬೆರಳುಗಳಲ್ಲಿ ಗ್ರೀಸಿನ ವಾಸನೆ.

ಹಿಚ್ಚಿನ ಕೊಳವೆ ಬಗ್ಗಿತ್ತು. "ಇವತ್ತು ಇದರ ಮೇಲೆ ಒಂದು ಪೆಟ್ಟಿಗೇನೂ ಬೇಡ," ಎಂದ. ಒಂಬತ್ತನ್ನೂ ಟ್ರಕ್ಕಿಗೆ ಸಾಗಿಸಿದರು, ಖಾಲಿ ಕ್ಯಾರಿಯರನ್ನೂ ಬಿಚ್ಚಿ ಹಾಕಿದರು. ಕಾರಿನ ಮೂತಿ ಕೆಳಗಿಳಿದು, ನಾಲ್ಕು ಚಕ್ರವೂ ನೆಲ ಹಿಡಿದವು.

ಆಮೋಸ್ ಟ್ರಕ್ಕಿನ ಬಾಗಿಲಿಗೆ ಕೈಹಾಕಿದ.

"ಆಮೋಸ್, ನಿನ್ನ ತೂಕ ಎಷ್ಟು?"

"ನೂರ ಎಂಬತ್ತಮೂರು. ಯಾಕೆ?"

"ನನ್ನ ಕಾರು ಮುಂದೆ ಇನ್ನೂ ಹಗುರ ಇದೆ ಅನ್ಸುತ್ತೆ. ಒಂದು ನೂರ ಎಂಬತ್ತಮೂರು ಮುಂದಿನ ಸೀಟಲ್ಲಿ ಕೂತ್ರೆ ಧೈರ್ಯ. ಟ್ರಕ್ ಇಲ್ಲೇ ಇರಲಿ, ಸಂಜೆಯೊಳಗೆ ಇಬ್ರೂ ಬಂದು ತಗೊಂಡು ಹೋಗೋಣ."

ಅವನು ಕಾರಿನ ಸುತ್ತ ಒಂದು ಸುತ್ತು ಬಂದ. ಬಗ್ಗಿ ಮುಂದಿನ ಚಕ್ರ ನೋಡಿದ, ಹಿಂದಿನದನ್ನೂ ನೋಡಿದ. ಕಾರು ಈಗ ನೆಟ್ಟಗಿತ್ತು, ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬದುಕಿನಲ್ಲಿ ಒಂದು ಪೌಂಡನ್ನೂ ಹೆಚ್ಚುಕಮ್ಮಿ ಹೇಳದವನು ಕುತ್ತಿಗೆ ಕೆರೆದುಕೊಂಡ.

"ಹೌದು," ಎಂದ. "ಸ್ವಲ್ಪ ಹಗುರಾನೇ ಇದೆ."

ಬಾಗಿಲು ತೆಗೆದು ಅವಳ ಪಕ್ಕ ಕೂತ.