ಹದಿನಾಲ್ಕನೇ ಹಾಳೆಯ ಅಂಚು

"ನಿಮ್ಮ ಪಟ್ಟಿಯಲ್ಲಿ ನಲವತ್ತೊಂದನೇ ಲಿಂಕ್ ಸತ್ತುಹೋಗಿದೆ."

ಅವಳು ತಲೆ ಎತ್ತಿ ನೋಡಿದಳು. ಎದುರಿಗೆ ನಿಂತವನ ಬೂಟಿನ ತುಂಬ ಮಣ್ಣು, ಹೆಗಲ ಮೇಲೆ ಅಳತೆ ಯಂತ್ರದ ಮೂರು ಕಾಲಿನ ಸ್ಟ್ಯಾಂಡು. ನಮಸ್ಕಾರವಿಲ್ಲ, ಪರಿಚಯವಿಲ್ಲ... ಬಂದವನೇ ಸಾವಿನ ಸುದ್ದಿ ಹೇಳಿದ್ದ.

ಗ್ರಂಥಾಲಯದ ನಕ್ಷೆ ಕೋಣೆಗೆ ಅವಳೇ ಯಜಮಾನಿ, ಅವಳೇ ಆಳು. ಹಳೆಯ ನಕ್ಷೆಗಳು ಅಂತರ್ಜಾಲದಲ್ಲಿ ಎಲ್ಲೆಲ್ಲಿ ಸಿಗುತ್ತವೆ ಎಂದು ವರ್ಷಗಟ್ಟಲೆ ಹುಡುಕಿ, ಗ್ರಂಥಾಲಯದ ವೆಬ್‌ಸೈಟಿನಲ್ಲಿ ಪಟ್ಟಿ ಮಾಡಿ ಹಾಕಿದ್ದಳು. ಯಾವ ಸಂಗ್ರಹದಲ್ಲಿ ಏನಿದೆ, ಯಾವುದನ್ನು ಇಳಿಸಿಕೊಳ್ಳಬಹುದು, ಯಾವುದು ಬರೀ ನೋಡುವುದಕ್ಕೆ ಎಂದು ಪ್ರತಿಯೊಂದಕ್ಕೂ ಎರಡು ಸಾಲಿನ ಟಿಪ್ಪಣಿ. ಕೊನೆಯಲ್ಲಿ ತನ್ನ ಕೋಣೆಯ ಇನ್ನೂರ ಹನ್ನೆರಡು ಹಾಳೆಗಳ ಸ್ಕ್ಯಾನ್. ತಿಂಗಳ ಮೊದಲ ಸೋಮವಾರ ಪ್ರತಿ ಲಿಂಕನ್ನೂ ಒತ್ತಿ ನೋಡುವುದು ಅವಳ ವ್ರತ. ಆ ಪಟ್ಟಿಗೆ ಯಾರಾದರೂ ಬೆರಳು ತೋರಿಸಿದರೆ ಮೈ ಉರಿಯುತ್ತಿತ್ತು.

"ಸೋಮವಾರ ಬದುಕಿತ್ತು," ಎಂದಳು ಬಿಗಿಯಾಗಿ.

"ಇವತ್ತು ಗುರುವಾರ."

ಒತ್ತಿ ನೋಡಿದಳು. ತೆರೆಯಲಿಲ್ಲ. ಅವನು ಗೆದ್ದ ಮುಖವನ್ನೇನೂ ಮಾಡಲಿಲ್ಲ. "ಆ ಪಟ್ಟಿ ಇಲ್ಲದಿದ್ರೆ ನನ್ನ ಅರ್ಧ ಕೆಲಸ ನಡೆಯಲ್ಲ ಮೇಡಂ. ಅದಕ್ಕೇ ಹೇಳಿಹೋಗೋಣ ಅಂತ ಬಂದೆ," ಎಂದು ಜೇಬಿನಿಂದ ಪೆನ್ನು ತೆಗೆದ.

"ಪೆನ್ನು ಒಳಗಿಡಿ. ಈ ಕೋಣೆಯಲ್ಲಿ ಪೆನ್ಸಿಲ್ ಮಾತ್ರ. ಶಾಯಿ ಬಿದ್ರೆ ನಕ್ಷೆ ಹೋಯ್ತು."

ಅವನು ತುಂಟತನ ಸಿಕ್ಕಿಬಿದ್ದ ಶಾಲೆಯ ಹುಡುಗನಂತೆ ಪೆನ್ನು ಮುಚ್ಚಿಟ್ಟ. ಅವಳಿಗೆ ನಗು ಬಂತು, ತಡೆದುಕೊಂಡಳು.

ಅವನು ಊರ ಕಚೇರಿಯ ಸರ್ವೇಯರ್. ಹಿತ್ತಲ ಬೀದಿಯ ಹದಿನೇಳು ಮನೆಗಳವರು ತಲೆತಲಾಂತರದಿಂದ ಓಡಾಡುವ ಗಲ್ಲಿಗೆ ಪಕ್ಕದ ಜಾಗದ ಮಾಲೀಕ ಗೋಡೆ ಎಬ್ಬಿಸಲು ಹೊರಟಿದ್ದ. ಅಲ್ಲಿ ದಾರಿಯೇ ಇರಲಿಲ್ಲ ಎನ್ನುವುದು ಅವನ ವಾದ. ಇತ್ತು ಎಂದು ಹಳೆಯ ನಕ್ಷೆಯಿಂದ ತೋರಿಸುವ ಕೆಲಸ ಸರ್ವೇಯರನ ತಲೆಗೆ ಬಂದಿತ್ತು.

ಆಮೇಲೆ ಪ್ರತಿ ಗುರುವಾರವೂ ಬರತೊಡಗಿದ. ಹಳೆಯ ನಕ್ಷೆಯನ್ನು ಈಗಿನ ನಕ್ಷೆಯ ಮೇಲೆ ಕೂರಿಸುವುದನ್ನು ಅವಳಿಗೆ ಕಲಿಸಿದ. ಯಾವ ಸಂಗ್ರಹದಲ್ಲಿ ಯಾವ ಪದ ಹಾಕಿ ಹುಡುಕಬೇಕೆಂದು ಅವಳು ಅವನಿಗೆ ಹೇಳಿಕೊಟ್ಟಳು. ಮನೆಯಲ್ಲಿ ಅತ್ತಿಗೆ, "ಗುರುವಾರ ಮಾತ್ರ ಇಸ್ತ್ರಿ ಸೀರೆ ಯಾಕಮ್ಮಾ?" ಎಂದು ಕೆಣಕಿದಾಗ ಅವಳು ಕಿವಿಯವರೆಗೂ ಕೆಂಪಾದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ!

ಏಳನೇ ಗುರುವಾರ ಅವಳೇ ತನ್ನ ಸ್ಕ್ಯಾನುಗಳ ನಡುವಿನಿಂದ ಹದಿನಾಲ್ಕನೇ ಹಾಳೆ ತೆಗೆದಳು. ಹಿತ್ತಲ ಬೀದಿಯ ಹಿಂದೆ ಉದ್ದಕ್ಕೂ ತುಂಡು ತುಂಡು ಗೆರೆ. ಇಬ್ಬರೂ ನೋಡಿದ ಬೇರೆ ನಕ್ಷೆಗಳಲ್ಲೆಲ್ಲ ತುಂಡುಗೆರೆ ಎಂದರೆ ಕಾಲುದಾರಿ. "ಸಿಕ್ಕಿತು," ಎಂದ ಅವನು ಮೆಲ್ಲಗೆ. ಅವನು ನೋಡುತ್ತಿದ್ದುದು ಪರದೆಯನ್ನಲ್ಲ, ಅವಳನ್ನು. ಅಂದು ಮನೆಗೆ ಹೋಗುವಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮುಂದಿನ ಗುರುವಾರ ಅವನು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ... ಫೋನು ಮಾಡಿದರೆ ಎತ್ತಲಿಲ್ಲ.

ಕೊನೆಗೆ ಸುದ್ದಿ ತಂದವಳು ಅತ್ತಿಗೆಯೇ. ಅತ್ತಿಗೆ ಸರ್ವೇಯರನ ಕಚೇರಿಯಲ್ಲೇ ಟೈಪಿಸ್ಟು. ವಿಚಾರಣೆಯ ದಿನ ಮಾಲೀಕನ ವಕೀಲರು ಅದೇ ಹಾಳೆಯ ಇನ್ನೊಂದು ಮುದ್ರಿತ ಪ್ರತಿ ತಂದು ಮೇಜಿನ ಮೇಲೆ ಹಾಸಿದರಂತೆ. ಅದರ ಅಂಚಿನಲ್ಲಿ ಗುರುತುಗಳ ವಿವರ ಅಚ್ಚಾಗಿತ್ತು. ಈ ನಕ್ಷೆಯಲ್ಲಿ ತುಂಡುಗೆರೆ ಎಂದರೆ ಮುಂದೆ ಹಾಕಬೇಕೆಂದಿರುವ ರಸ್ತೆ, ಆಗಿರುವ ರಸ್ತೆಯಲ್ಲ. ಕಚೇರಿ ಅರ್ಧ ನಕ್ಷೆ ತೋರಿಸಿ ಮೋಸ ಮಾಡಿದೆ ಎಂದು ಅವರು ಹೇಳಿದ್ದರು. ಸರ್ವೇಯರನಿಗೆ ಮೆಮೋ ಸಿಕ್ಕಿತ್ತು. ಹೊಸ ದಾಖಲೆ ತರದಿದ್ದರೆ ತಿಂಗಳ ಕೊನೆಗೆ ಗೋಡೆಗೆ ಅನುಮತಿ.



ಬೆಳಿಗ್ಗೆ ಡ್ರಾಯರ್ ಎಳೆದು ಹದಿನಾಲ್ಕನೇ ಹಾಳೆಯ ಮೂಲ ಪ್ರತಿ ತೆಗೆದಳು. ಅಂಚಿನಲ್ಲಿ, ಕಂದು ಕಲೆಗಳ ನಡುವೆ, ವಿವರ ಸ್ಪಷ್ಟವಾಗಿತ್ತು. ಅದನ್ನು ಸ್ಕ್ಯಾನಿನಿಂದ ಕತ್ತರಿಸಿದವಳು ಅವಳೇ. ಕಲೆ ಕಾಣದಿರಲಿ, ಪುಟ ಬೇಗ ತೆರೆಯಲಿ ಎಂದು ಇನ್ನೂರ ಹನ್ನೆರಡು ಹಾಳೆಗಳ ಅಂಚನ್ನೂ ಎಷ್ಟು ಅಚ್ಚುಕಟ್ಟಾಗಿ ಕತ್ತರಿಸಿದ್ದಳು! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ಇಲ್ಲಿ ಹೋಗಿದ್ದು ತನ್ನ ಮಾನವಾದರೂ ಆಗಬಾರದಿತ್ತೇ? ಹೋದದ್ದು ಅವನದು.

'ನನ್ನ ಮುಖ ನೋಡೋಕೂ ಅವನಿಗೆ ಇಷ್ಟ ಇಲ್ಲ. ಇರಬೇಕಾದ್ದೇ.'

ಅಳು ಬಂತು. ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಯೋಜನೆಯಲ್ಲಿದ್ದ ರಸ್ತೆ ಮುಂದೆ ಆಗಿರಲೂಬಹುದಲ್ಲ? ಆಗಿದ್ದರೆ ನಂತರದ ಯಾವುದಾದರೂ ಮುದ್ರಣದಲ್ಲಿ ಅದು ಪೂರ್ತಿ ಗೆರೆಯಾಗಿ ಇರಬೇಕು.

ನಾಲ್ಕು ದಿನ ಊಟದ ಬಿಡುವಿನಲ್ಲೂ ಎದ್ದೇಳದೆ ಹುಡುಕಿದಳು. ತನ್ನ ಪಟ್ಟಿಯನ್ನೇ ಮೇಲಿನಿಂದ ಕೆಳಗೆ ಜಾಲಾಡಿದಳು. ಊರಿನ ಹೆಸರು ಹಾಕಿದರೆ ಎಲ್ಲೂ ಏನೂ ಇಲ್ಲ. ಐದನೇ ದಿನ ನಲವತ್ತೊಂದನೇ ಲಿಂಕ್... ಸತ್ತಿದೆ ಎಂದು ಗುರುತು ಹಾಕಿ ಬಿಟ್ಟಿದ್ದದ್ದು! ಆ ಸಂಗ್ರಹ ಹೊಸ ವಿಳಾಸಕ್ಕೆ ಹೋಗಿದೆ ಎಂದು ಪತ್ತೆ ಮಾಡಿ ತೆರೆದಳು. ಅಲ್ಲಿ ನಕ್ಷೆಗಳನ್ನು ಊರಿನ ಹೆಸರಿನಿಂದ ಜೋಡಿಸಿರಲೇ ಇಲ್ಲ, ಹಾಳೆಯ ಸಂಖ್ಯೆಯಿಂದ ಜೋಡಿಸಿದ್ದರು. ಹದಿನಾಲ್ಕು ಎಂದು ಒತ್ತಿದಳು. ಎರಡನೇ ಮುದ್ರಣ, ಹನ್ನೊಂದು ವರ್ಷ ನಂತರದ್ದು, ನಾಲ್ಕೂ ಅಂಚುಗಳ ಸಮೇತ. ಹಿತ್ತಲ ಬೀದಿಯ ಹಿಂದೆ ಗಲ್ಲಿ, ಗಟ್ಟಿ ಗೆರೆಯಲ್ಲಿ.

ಮೊದಲು ಅಂಚಿನ ವಿವರ ಮೂರು ಸಲ ಓದಿದಳು. ಆಮೇಲೆಯೇ ಉಸಿರು ಬಿಟ್ಟದ್ದು.

ಅಚ್ಚು ಹಾಕಿಸಿಕೊಂಡು, ಜೊತೆಗೆ ಒಂದು ಪತ್ರ ಬರೆದು, ತಾನೇ ಕಚೇರಿಗೆ ಹೋದಳು. ಅಂಚು ಕತ್ತರಿಸಿದ್ದು ತಾನು, ಸರ್ವೇಯರರಿಗೆ ಅದು ಗೊತ್ತಿರಲಿಲ್ಲ ಎಂದು ಪತ್ರದಲ್ಲಿ ನೇರವಾಗಿಯೇ ಇತ್ತು. ಅವನು ಅಳತೆಗೆ ಹೊರಗೆ ಹೋಗಿದ್ದ. ಅವನ ಮೇಲಧಿಕಾರಿ ಪತ್ರ ಓದಿ, ಕನ್ನಡಕ ತೆಗೆದು, ಆಶ್ಚರ್ಯದಿಂದ ಅವಳನ್ನು ನೋಡಿದರು.

"ನಕ್ಷೆ ಎಲ್ಲಿಂದ ತಂದೆ ಅಂತ ಎಷ್ಟು ಕೇಳಿದ್ರೂ ಅವನು ಬಾಯಿ ಬಿಡಲಿಲ್ಲ ಕಣಮ್ಮ. ಮೂಲ ಪ್ರತಿ ನೋಡದೆ ಇದ್ದದ್ದು ನನ್ನ ತಪ್ಪು ಅಂತ ಬರೆದುಕೊಟ್ಟಿದ್ದಾನೆ."

ಪಕ್ಕದ ಮೇಜಿನಲ್ಲಿ ಅತ್ತಿಗೆಯ ಟೈಪಿಂಗ್ ನಿಂತಿತು. ಹಾಗಾದರೆ ಅವನಿಗೆ ತನ್ನ ಮೇಲೆ ಕೋಪವಲ್ಲವೇ? ಇಷ್ಟು ದಿನ ಅವನು ದೂರ ಇದ್ದದ್ದು ತನ್ನನ್ನು ಕಾಯುವುದಕ್ಕೇ?

ತಿಂಗಳ ಕೊನೆಗೆ ಗೋಡೆಗೆ ಅನುಮತಿ ಸಿಗಲಿಲ್ಲ. ಮೆಮೋ ವಾಪಸಾಯಿತು. ಅವಳು ತನ್ನ ಪುಟದ ಮೇಲ್ಭಾಗದಲ್ಲೇ ತಪ್ಪೊಪ್ಪಿಗೆ ಹಾಕಿ, ಮೊದಲ ಹಾಳೆಯಿಂದ ಮತ್ತೆ ಸ್ಕ್ಯಾನ್ ಶುರುಮಾಡಿದಳು, ಕಲೆಗಳ ಸಮೇತ.

ಅರವತ್ತಮೂರನೇ ಹಾಳೆಯ ಮೇಲಿದ್ದಾಗ ಬಾಗಿಲಲ್ಲಿ ಮಣ್ಣು ಮೆತ್ತಿದ ಬೂಟು ಕಂಡಿತು. ಗುರುವಾರ.

"ಫೋನ್ ಆದರೂ ಎತ್ತಬಹುದಿತ್ತು," ಎಂದಳು.

"ಎತ್ತಿದ್ರೆ ನೀವು ಕೇಳ್ತಿದ್ರಿ, ನಾನು ಹೇಳಿಬಿಡ್ತಿದ್ದೆ. ಆ ಪಟ್ಟಿ ಅಂದ್ರೆ ನಿಮಗೆ ಜೀವ. ಅದರ ಹೆಸರು ಕೆಡೋದು ನನಗೆ ಬೇಕಿರಲಿಲ್ಲ."

"ನಿಮ್ಮ ಹೆಸರು ಕೆಟ್ರೆ ಪರವಾಗಿಲ್ವಾ? ನನಗೆ ಪಟ್ಟಿಗಿಂತ..." ಅವಳು ತಡೆದಳು. ಆಮೇಲೆ ತಡೆಯಲಿಲ್ಲ. "ಪಟ್ಟಿಗಿಂತ ನೀವು ಮುಖ್ಯ. ಇಷ್ಟು ದಿನದಲ್ಲಿ ನನಗೆ ಗೊತ್ತಾಗಿದ್ದು ಅದೊಂದೇ."

ಅವನು ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದ. ಅವನೇ ಕೈಯಲ್ಲಿ ಬರೆದ ನಕ್ಷೆ. ಗ್ರಂಥಾಲಯ, ಎರಡು ತಿರುವು, ಕೊನೆಯಲ್ಲಿ ಅವನ ಮನೆ. ಗ್ರಂಥಾಲಯದಿಂದ ಮನೆಯವರೆಗೆ ತುಂಡು ತುಂಡು ಗೆರೆ.

ಅವಳ ಕಣ್ಣು ಮೊದಲು ಹೋದದ್ದು ಅಂಚಿಗೆ. ಅಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: 'ತುಂಡುಗೆರೆ: ಆಗಬೇಕೆಂದಿರುವ ದಾರಿ. ಒಬ್ಬರ ಒಪ್ಪಿಗೆ ಬಾಕಿ.'

ಎರಡು ಸಲ ಓದಿದಳು. ಅಕ್ಷರಗಳು ಕಣ್ಣೀರಲ್ಲಿ ಕಲಸಿಹೋದವು.

ಅವಳು ಕೈ ಚಾಚಿದಳು. ಅವನು ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿ ಕೊಟ್ಟ.

"ಅದು ಬೇಡ," ಎಂದಳು. "ಪೆನ್ನು ಕೊಡಿ."

"ಈ ಕೋಣೆಯಲ್ಲಾ?"

"ಇವತ್ತು ಒಂದೇ ಸಲ."

ಅವನು ಜೇಬಿನಿಂದ ಪೆನ್ನು ತೆಗೆದುಕೊಟ್ಟ. ಅವಳು ಗ್ರಂಥಾಲಯದ ಬಾಗಿಲಿನಿಂದ ಶುರುಮಾಡಿ, ಒಂದೊಂದೇ ತುಂಡನ್ನು ಕೂಡಿಸುತ್ತ, ಅವನ ಮನೆಯ ಬಾಗಿಲಿನವರೆಗೆ ಗೆರೆ ಎಳೆದಳು.