ಕಿನ್ನರಕೋಟೆಯ ಮೇಲೆ ಹಾರಿದ್ದು

ಕುದುರೆಗಳಿಗೆ ಇನ್ನೂ ರೆಕ್ಕೆಯಿದ್ದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ ಕಿನ್ನರಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ದಿನಾ ಸಂಜೆ ಕಾವಲಿನವರು ಪಕ್ಕದ ಬುರುಜನ್ನು ಹೆಸರು ಹಿಡಿದು ಕೂಗುತ್ತಿದ್ದರು. "ಆನೆಬುರುಜೇ, ಎಚ್ಚರವೇ?" "ಎಚ್ಚರ!" ಹೀಗೆ ಕೂಗು ಕೋಟೆಯನ್ನೆಲ್ಲ ಸುತ್ತಿ ಬರುತ್ತಿತ್ತು.

ನವಿಲುಬುರುಜನ್ನು ಮಾತ್ರ ಯಾರೂ ಕೂಗುತ್ತಿರಲಿಲ್ಲ. ಹಿಂದೊಮ್ಮೆ ಅದು ಕಾವಲುಗಾರ ಮಾಚಯ್ಯನ ಸಮೇತ ಮಾಯವಾಗಿತ್ತು. ಆ ಜಾಗದಲ್ಲಿ ಧೂಮಕೇಶಿ ಎಂಬ ಮಾಂತ್ರಿಕನೊಬ್ಬ ಮಹಲು ಕಟ್ಟಿಕೊಂಡಿದ್ದ. "ಹೋದದ್ದರ ಹೆಸರೆತ್ತಿದರೆ ಕೇಡು" ಎಂದಿದ್ದ. ರಾಜ ತಲೆಯಾಡಿಸಿದ್ದ. ರಾಜರಿಗೆ ಅದೊಂದು ಚೆನ್ನಾಗಿ ಬರುತ್ತದೆ.

ಒಂದು ಮಧ್ಯಾಹ್ನ ಆನೆಬುರುಜಿನ ಕಾವಲುಗಾತಿ, ಮಾಚಯ್ಯನ ಹೆಂಡತಿ ಚಾಗವ್ವೆ, ಮೋಡದ ನಡುವೆ ದುಂಡನೆಯದೇನೋ ಹಾರುವುದನ್ನು ಕಂಡು ಕಹಳೆ ಊದಿದಳು.

"ಏನದು?" ದಂಡನಾಯಕ ಬೊಪ್ಪರಸ ಏದುಸಿರು ಬಿಡುತ್ತ ಮೇಲೆ ಬಂದ.

"ಗೊತ್ತಿಲ್ಲ ಒಡೆಯಾ. ಹಕ್ಕಿಯಲ್ಲ, ರಥವಲ್ಲ."

"ಅಲ್ಲದ್ದನ್ನು ಹೇಳಬೇಡ ತಾಯಿ. ಸಂಜೆಯ ಕೂಗಿನೊಳಗೆ ಅದೇನೆಂದು ತಿಳಿಯದಿದ್ದರೆ ನೀನು ಕೋಟೆ ಬಿಡಬೇಕು. ಗುರುತಿಲ್ಲದ ಕಹಳೆಗೆ ಅದೇ ಶಿಕ್ಷೆ."

ಚಾಗವ್ವೆ ನವಿಲುಬುರುಜಿದ್ದ ಕಡೆ ನೋಡಿದಳು. ಅವಳು ಕೋಟೆ ಬಿಟ್ಟರೆ, ಗಂಡ ಬಂದ ದಿನ ಬಾಗಿಲು ತೆಗೆಯುವವರು ಯಾರು?

ತನಿಖೆ ಶುರುವಾಯಿತು. ಮೊದಲು ಬಿಲ್ಲುಗಾರರು ಮೋಡಕ್ಕೆ ಬಾಣ ಬಿಟ್ಟರು. ಬಾಣಗಳು ಅಚ್ಚುಕಟ್ಟಾಗಿ ಕಟ್ಟು ಕಟ್ಟಿಸಿಕೊಂಡು ಕೆಳಗೆ ಬಿದ್ದವು.

"ಶತ್ರು ಹೆದರಿದ್ದಾನೆ," ಎಂದ ಬೊಪ್ಪರಸ.

"ಹೆದರಿದವರು ಕಟ್ಟು ಕಟ್ಟುತ್ತಾ ಕೂರುತ್ತಾರೆಯೇ?" ಎಂದಳು ಚಾಗವ್ವೆ.

ಎರಡನೆಯದಾಗಿ ರೆಕ್ಕೆಯ ಕುದುರೆಯನ್ನು ಬಿಟ್ಟರು. ಅದು ಕೇಸರಕ್ಕೆ ಜಡೆ ಹಾಕಿಸಿಕೊಂಡು ಹಿಂದಿರುಗಿತು.

"ಶತ್ರುವಿಗೆ ಹುಚ್ಚು," ಎಂದ ಬೊಪ್ಪರಸ.

ಚಾಗವ್ವೆ ಕುದುರೆಯ ಹತ್ತಿರ ಹೋಗಿ ನೋಡಿದಳು. ಜಡೆ ಎಡಕ್ಕೆ ಓರೆಯಾಗಿತ್ತು. ಅಷ್ಟು ಕೆಟ್ಟದಾಗಿ ಜಡೆ ಹಾಕುವವನು ಮೂರು ಲೋಕದಲ್ಲಿ ಒಬ್ಬನೇ ಇದ್ದ.

ಹೊತ್ತು ಇಳಿಯಿತು. "ಅದು ರಾಕ್ಷಸ. ನಾನೇ ಸುಟ್ಟುಬಿಡುತ್ತೇನೆ," ಎಂದು ಧೂಮಕೇಶಿ ಮಂತ್ರದಂಡ ತರಲು ಮಹಲಿಗೆ ಓಡಿದ. ಅಷ್ಟರಲ್ಲಿ ಸಂಜೆಯ ಕೂಗು ಆನೆಬುರುಜಿಗೆ ಬಂತು.

"ಎಚ್ಚರ!" ಎಂದಳು ಚಾಗವ್ವೆ. ಆಮೇಲೆ ಉಸಿರೆಳೆದುಕೊಂಡು, ಯಾರೂ ಕೂಗದ ಹೆಸರನ್ನು ಕೂಗಿದಳು. "ನವಿಲುಬುರುಜೇ, ಎಚ್ಚರವೇ?"

ಬೊಪ್ಪರಸ ಕಿವಿ ಮುಚ್ಚಿಕೊಂಡ.

"ಎಚ್ಚರ ಕಣೇ!" ಮೋಡ ಗುಡುಗಿತು. "ಇಷ್ಟು ದಿನ ಎಲ್ಲಿ ಹೋಗಿದ್ದೆ?"

"ನಾನೆಲ್ಲಿ ಹೋಗಲಿ? ಹೋದೋರು ನೀವು!"

ಮೋಡ ಸೀಳಿಕೊಂಡು ನವಿಲುಬುರುಜು ತನ್ನ ಹಳೇ ಜಾಗಕ್ಕೇ ಇಳಿಯಿತು. ಧೂಮಕೇಶಿ ಕಿಟಕಿಯಿಂದ ಹಾರಿ ಬದುಕಿದ. ಮಹಲೂ ಮಂತ್ರದಂಡವೂ ನುಚ್ಚುನೂರಾದವು. ದಂಡವಿಲ್ಲದ ಮಾಂತ್ರಿಕನೆಂದರೆ ಬರೀ ಗಡ್ಡ. ಅವನನ್ನು ಲಾಯದ ಲದ್ದಿ ಬಳಿಯಲು ಹಚ್ಚಿದರು.

"ನಮ್ಮವರು ಹೆಸರು ಕೂಗುವ ತನಕ ಇಳಿಯಬಾರದು, ತುಟಿ ಬಿಚ್ಚಬಾರದು ಅಂತ ಮಾಟ ಮಾಡಿದ್ದ," ಎಂದ ಮಾಚಯ್ಯ. "ನೀವೋ, ಕೂಗಲೇ ಇಲ್ಲ."

ಬೊಪ್ಪರಸ ರಾಜನ ಮುಂದೆ ನಿಂತ. "ತನಿಖೆ ಮುಗಿಯಿತು ಪ್ರಭು. ಹಾರುತ್ತಿದ್ದದ್ದು ನಮ್ಮದೇ."

ರಾಜ ಉಸ್ಸೆಂದು ನಡುಪಟ್ಟಿ ಸಡಿಲಿಸಿ, ಊಟಕ್ಕೆ ಎಲೆ ಹಾಕಿಸಿದ.

ಅಂದಿನಿಂದ ಕೂಗು ಒಂದು ಬುರುಜನ್ನೂ ಬಿಡದೆ ಸುತ್ತಿತು. ಚಾಗವ್ವೆಯ ಜಡೆ ಎಡಕ್ಕೆ ಓರೆಯಾಯಿತು, ಅವಳು ಅದನ್ನು ಸರಿಮಾಡಿಕೊಳ್ಳಲಿಲ್ಲ. ಅವರು ಸುಖವಾಗಿದ್ದರು, ಕೇಳಿದವರೂ ಹಾಗೇ ಇರಲಿ.